ಭೂಗೋಳದ ಮೇಷ್ಟ್ರ ರಿಮೋಟು

ಬೇಸಿಗೆ ರಜೆ ಮುಗಿದಿತ್ತು, ಬಿಸಿಲು ಮುಗಿದಿರಲಿಲ್ಲ. ಶಾಲೆ ತೆರೆದ ವಾರ, ಬೆಳಗಿನ ಮೊದಲ ಪಾಠದಲ್ಲೇ ಭೂಗೋಳದ ಮೇಷ್ಟ್ರ ತಲೆಗೆ ಅನುಮಾನದ ಹುಳು ಹೊಕ್ಕಿತು. ಡ್ರಿಲ್ ಮೇಷ್ಟ್ರು ಮೈದಾನ ಬಿಟ್ಟು ಬಂದು, ತರಗತಿಯ ಹಿಂದಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟ ಮೇಜಿಗೆ ಮೊಣಕೈ ಊರಿ ಕೂತಿದ್ದರು. ಅಂದಿನಿಂದ ದಿನವೂ ಅದೇ.

"ಹೊರಗೆ ಸುಡ್ತಾ ಇದೆ ಮೇಷ್ಟ್ರೇ, ಇಲ್ಲಿ ಗಾಳಿ ಚೆನ್ನಾಗಿದೆ" ಅಂತ ನೆಪ.

ಗಾಳಿಯೇನೋ ಇತ್ತು. ಪರದೆ, ಪ್ರೊಜೆಕ್ಟರಿನ ಜೊತೆಗೇ ಹೊಸ ಫ್ಯಾನೂ ಬಂದಿತ್ತು. ಮೇಷ್ಟ್ರು ರಿಮೋಟನ್ನು ತಲೆಮೇಲೆತ್ತಿ ಒತ್ತುವರು. ಪರದೆಯಲ್ಲಿ ಬೆಟ್ಟ ಹೋಗಿ ಬಯಲು ಬರುವುದು. ಫ್ಯಾನು ಮಾತ್ರ ಒಂದು ಗಳಿಗೆ ಸುಂಟರಗಾಳಿ, ಇನ್ನೊಂದು ಗಳಿಗೆ ತೂಕಡಿಕೆ. "ಹೊಸ ವೈರಿಂಗು, ಹಾಗೇ" ಅನ್ನುವರು.

ಈ ಯಂತ್ರವೆಂದರೆ ಮೇಷ್ಟ್ರಿಗೆ ಪ್ರಾಣ. ಜೀವಮಾನವೆಲ್ಲ ಹರಿದ ಭೂಪಟ ತೋರಿಸಿ ಮಕ್ಕಳ ಆಕಳಿಕೆ ಕಂಡವರು. ಈಗ ಮಕ್ಕಳು ಕಣ್ಣು ಪಿಳುಕಿಸುತ್ತಿರಲಿಲ್ಲ. ರಿಮೋಟನ್ನು ಅಭ್ಯಾಸಕ್ಕೆಂದು ರಜೆಯಿಂದಲೇ ಮನೆಗೂ ಒಯ್ಯುತ್ತಿದ್ದರು. ಆದರೆ ತಪಾಸಣೆಯ ಸಾಹೇಬರು ಬರುವವರಿದ್ದರು. ಪಾಠ ಸರಿಕಾಣದಿದ್ದರೆ ಸಾಮಾನೆಲ್ಲ ಪಕ್ಕದ ಶಾಲೆಗೆ ಎಂದು ಹೇಳಿಕಳಿಸಿದ್ದರು. ಈ ಸೀಟಿ ಊದುವವನೇ ಸಾಹೇಬರ ಕಿವಿಯನ್ನೂ ಊದುವವನು ಎಂದು ಮೇಷ್ಟ್ರು ತೀರ್ಮಾನಿಸಿದರು.

ಮನೆಯಲ್ಲೂ ನೆಮ್ಮದಿ ಇಲ್ಲ. "ರೀ, ಶಾಲೆಗೆ ತಂದ ಅಂಗಡೀಲೇ ತಂದ ಫ್ಯಾನು, ಆಗಲೇ ರಿಮೋಟು ಕೆಟ್ಟಿದೆ. ಒತ್ತೀ ಒತ್ತೀ ಹೆಬ್ಬೆರಳು ಸವೀತು. ಬೆಕ್ಕಿಗೂ ಏನೋ ಹಿಡಿದಿದೆ, ಬರೀ ಗೋಡೆ ಪರಚುತ್ತೆ" ಎಂದರು ಹೆಂಡತಿ.

"ನಿನಗೆ ಯಂತ್ರ ಒಗ್ಗಲ್ಲ ಕಣೆ" ಎಂದು ಮೇಷ್ಟ್ರು ನಕ್ಕರು.

ಸಾಹೇಬರು ಬಂದ ಗುರುವಾರ ಮೇಷ್ಟ್ರು ಡ್ರಿಲ್ ಮೇಷ್ಟ್ರನ್ನು ಹೊಸ್ತಿಲಲ್ಲೇ ತಡೆದರು. "ಇವತ್ತು ನಿಮ್ಮ ಮೈದಾನ ನಿಮಗೆ, ನನ್ನ ಭೂಗೋಳ ನನಗೆ."

"ಮೇಷ್ಟ್ರೇ, ನಾನಿದ್ರೆ ಒಳ್ಳೇದು..."

"ಯಾರಿಗೆ ಒಳ್ಳೇದು ಅಂತ ಗೊತ್ತು, ನಡೀರಿ!"

ಪಾಠ ಶುರುವಾಯಿತು. ಮೇಷ್ಟ್ರು ಒತ್ತಿದರು. ನದಿ ಬೆಟ್ಟದ ತುದಿಯಲ್ಲೇ ನಿಂತಿತ್ತು. ಮತ್ತೆ ಒತ್ತಿದರು. ನದಿ ಜಪ್ಪಯ್ಯ ಎಂದರೂ ಅಲುಗಲಿಲ್ಲ, ಫ್ಯಾನು ಭೋರೆಂದಿತು. ಸಾಹೇಬರು ಎಡಗಿವಿಯಿಂದ ಬಲಗಿವಿಗೆ ಜೋಪಾನವಾಗಿ ಹೊದಿಸಿಕೊಂಡಿದ್ದ ಕೂದಲು ಡಬ್ಬಿಯ ಮುಚ್ಚಳದಂತೆ ಎದ್ದು ನಿಂತಿತು. ಮಕ್ಕಳು ಬಾಯಿಗೆ ಪುಸ್ತಕ ಅಡ್ಡ ಹಿಡಿದರು. ಮೇಷ್ಟ್ರಿಗೆ ಅಷ್ಟು ಗಾಳಿಯಲ್ಲೂ ಬೆವರು.

ಅಷ್ಟರಲ್ಲಿ ಹಿಂಬಾಗಿಲು ಕಿರ್ರೆಂದಿತು. "ಸೀಟಿ ಮರೆತಿದ್ದೆ ಸಾರ್" ಎಂದು ಡ್ರಿಲ್ ಮೇಷ್ಟ್ರು ಮೂಲೆಗೆ ನುಸುಳಿ ಮೊಣಕೈ ಊರಿದರು. ಸೀಟಿ ಕೊರಳಲ್ಲೇ ಇತ್ತು. ಮೇಷ್ಟ್ರು ಕಣ್ಣುಮುಚ್ಚಿ ಒತ್ತಿದರು. ನದಿ ಧುಮುಕಿತು, ಬಯಲು ದಾಟಿತು, ಸಮುದ್ರ ಸೇರಿತು.

"ಭೇಷ್!" ಎಂದರು ಸಾಹೇಬರು, ತಲೆಯನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು. "ಸಾಮಾನು ಇಲ್ಲೇ ಇರಲಿ."

ಸಂಜೆ ಮೇಷ್ಟ್ರು ಗೆದ್ದ ಗತ್ತಿನಲ್ಲಿ ಮನೆಗೆ ಬಂದರು. "ಆ ಗೂಢಚಾರ ಎದುರಿಗೇ ಕೂತಿದ್ರೂ ಗೆದ್ದೆ ಕಣೆ! ಕೊಡು ನಿನ್ನ ರಿಮೋಟು, ಹೇಗೆ ಒತ್ತಬೇಕು ತೋರಿಸ್ತೀನಿ."

ಒತ್ತಿದರು. ಫ್ಯಾನು ಅಲುಗಲಿಲ್ಲ. ಗೋಡೆಯ ಮೇಲೆ, ಪಾಠದಲ್ಲಿ ಊರು-ನದಿ ತೋರಿಸಲೆಂದೇ ಮಾಡಿದ ಕೆಂಪು ಚುಕ್ಕಿಯೊಂದು ಮೂಡಿತು. ಬೆಕ್ಕು ಹಾರಿ ಅದರ ಮೇಲೆ ಬಿತ್ತು. ಮೇಷ್ಟ್ರು ಮೆಲ್ಲಗೆ ಜೇಬಿನ ರಿಮೋಟು ತೆಗೆದು ತಲೆಮೇಲೆತ್ತಿ ಒತ್ತಿದರು. ಮನೆಯ ಫ್ಯಾನು ಗಿರ್ರೆಂದಿತು. ಲ್ಯಾಪ್‌ಟಾಪಿನ ಪಕ್ಕದ ಆ ಮೊಣಕೈ, ಅದರ ಗುಂಡಿಗಳ ಮೇಲಿದ್ದ ಆ ಬೆರಳು ಆಗ ನೆನಪಾದವು.

ಶುಕ್ರವಾರ ಕೆಂಪು ಚುಕ್ಕಿ ಶಾಲೆಗೆ ಹೋಯಿತು, ಡ್ರಿಲ್ ಮೇಷ್ಟ್ರು ಮೈದಾನಕ್ಕೆ ಹೋದರು. ಶನಿವಾರ, ಮನಸ್ಸು ಮುರಿದ ಬೆಕ್ಕು ಮನೆ ಬಿಟ್ಟು ಹೋಯಿತು.