ಸಕ್ಕರೆಯಿಲ್ಲದ ಚಪಾತಿ

ಮೊದಲನೆಯ ಚಪಾತಿ ಕಾವಲಿಯ ಮೇಲೆ ಬಿದ್ದದ್ದೇ ತಡ, ಸ್ಟೌ ಭುಸ್ಸೆಂದು ಆರಿಹೋಯಿತು. ಹನುಮಕ್ಕ ಅದನ್ನು ಎತ್ತಿ ಅಲ್ಲಾಡಿಸಿ ನೋಡಿದಳು. ಒಂದು ಹನಿ ಸೀಮೆಎಣ್ಣೆಯೂ ಇರಲಿಲ್ಲ. ಡಿಪೋದವನು ಬಾಗಿಲು ತೆಗೆಯದೆ ವಾರವಾಗಿತ್ತು; ವಠಾರದಲ್ಲಿ ಯಾರನ್ನು ಕೇಳಿದರೂ ಅದೇ ಗೋಳು. ತಟ್ಟೆ ಮುಂದಿಟ್ಟುಕೊಂಡು ಗೋಡೆಗೊರಗಿ ಕೂತಿದ್ದ ಅವಳ ಗಂಡ ನರಸಿಂಹಯ್ಯ ಆಗಲೇ ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡಿದ್ದ. ಸೂಜಿ ಹಾಕಿಕೊಂಡ ಅರ್ಧ ಗಂಟೆಯೊಳಗೆ ಊಟ ಆಗಲೇಬೇಕು ಎಂದು ಆಸ್ಪತ್ರೆಯಲ್ಲಿ ಒತ್ತಿ ಹೇಳಿ ಕಳಿಸಿದ್ದರು.

ಅನ್ನವೇನೋ ಪಾತ್ರೆಯಲ್ಲಿತ್ತು. ಆದರೆ ಸಕ್ಕರೆ ಕಾಯಿಲೆಗೆ ಅನ್ನ ವಿಷ ಎಂದು ಆ ಮನೆಯಲ್ಲಿ ಎಲ್ಲರೂ ನಂಬಿದ್ದರು.

"ಒಂದು ತುತ್ತು ಅನ್ನಾನೇ ಹಾಕೇ. ಹೊಟ್ಟೆಯೊಳಗೆ ಒಂಥರಾ ಆಗ್ತಿದೆ," ಎಂದ ನರಸಿಂಹಯ್ಯ. ಅಚ್ಚುಕೂಟದಲ್ಲಿ ಓವರ್‌ಟೈಮ್ ಮುಗಿಸಿ ಬಂದಿದ್ದ. ಕೆಲಸದ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟವನ್ನೂ ಬಿಟ್ಟಿದ್ದ. ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತ್ತು.

"ಸುಮ್ನಿರಿ. ಅನ್ನ ಬೇಕು, ಸಿಹಿ ಬೇಕು ಅಂತ ತಿಂದೇ ಮಾವ ಕಾಲು ಕಳ್ಕೊಂಡಿದ್ದು. ಆ ಹುಣ್ಣನ್ನ ತೊಳೆದು ಕಟ್ಟಿದವಳು ನಾನು."

ಅವನ ತಮ್ಮ ಆಂಜಿನಯ್ಯ ಆಗಲೇ ಸೈಕಲ್ ಹೊರಗೆ ತೆಗೆದಿದ್ದ. "ಅತ್ಗೆ, ನೀವು ಅಣ್ಣನ್ನ ನೋಡ್ಕೊಳ್ಳಿ. ಎಲ್ಲಾದ್ರೂ ಸರಿ, ಚಪಾತಿ ತಗೊಂಡೇ ಬರ್ತೀನಿ."

"ಒಳ್ಳೆ ಕಡೆ ನೋಡಿ ತಗೊಳಪ್ಪ. ಹೊರಗಡೆಯವರು ಏನೇನೋ ಹಾಕಿರ್ತಾರೆ, ಕೇಳ್ದೆ ಮುಟ್ಟಬೇಡ."

ರಾತ್ರಿ ಹತ್ತು ಹೊಡೆದ ಮೇಲೆ ಚಾಮರಾಜಪೇಟೆಯಲ್ಲಿ ಹಸಿದವನು ನೀರು ಕುಡಿದು ಮಲಗಬೇಕು, ಅಷ್ಟೆ. ಬೆಳಗಾಗುವ ಮುಂಚೆಯೇ ಇಡ್ಲಿಗೆ ನೂಕುನುಗ್ಗಲಾಗುವ ಪೇಟೆ ಇದು. ಸರಿರಾತ್ರಿಯ ಹಸಿವನ್ನು ಕೇಳುವ ದಿಕ್ಕಿಲ್ಲ. ಆಂಜಿನಯ್ಯ ಹೋದ ಮೊದಲ ಹೋಟೆಲು ಮುಚ್ಚಿತ್ತು. ಮುಂದಿನ ರಸ್ತೆಯದರಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿ ನೆಲ ತೊಳೆಯುತ್ತಿದ್ದರು. ಗಲ್ಲಾದಲ್ಲಿದ್ದ ಯಜಮಾನರು ಅವನ ಏದುಸಿರು ನೋಡಿ ಕನಿಕರಪಟ್ಟರು.

"ಈ ಹೊತ್ನಲ್ಲಿ ಚಪಾತಿ ಎಲ್ಲಿ ಬರ್ಬೇಕು? ಕೇಸರಿಬಾತ್ ಒಂದಿಷ್ಟು ಉಳಿದಿದೆ. ತುಪ್ಪ ಹಾಕಿ ಮಾಡಿದ್ದು, ತಗೊಂಡ್ಹೋಗಿ."

"ಅಯ್ಯೋ, ಬೇಡಿ ಸ್ವಾಮಿ. ನಮ್ಮಣ್ಣಂಗೆ ಸಕ್ಕರೆ ಕಾಯಿಲೆ. ಅದನ್ನ ಕೊಟ್ರೆ ಕೈಯಾರೆ ಕೊಂದ ಹಾಗೆ," ಎಂದು ಆಂಜಿನಯ್ಯ ಸೈಕಲ್ ಹತ್ತಿದ.

ಕಲಾಸಿಪಾಳ್ಯದಲ್ಲಿ, ಬಸ್ ನಿಲ್ದಾಣದ ಗೋಡೆಯ ಪಕ್ಕ, ಲಾರಿ ಡ್ರೈವರುಗಳಿಗೆಂದು ಮುರುಗೇಶ ಎಂಬವನು ತಳ್ಳುಗಾಡಿ ಇಟ್ಟುಕೊಂಡಿದ್ದ. ಬಟ್ಟೆಯಲ್ಲಿ ಸುತ್ತಿಟ್ಟ ಚಪಾತಿಗಳು ಇನ್ನೂ ಹಬೆಯಾಡುತ್ತಿದ್ದವು. ಆಂಜಿನಯ್ಯನಿಗೆ ಹೋದ ಜೀವ ಬಂದಂತಾಯಿತು. ಕೈ ಚಾಚಿದವನು ಅತ್ತಿಗೆಯ ಮಾತು ನೆನಪಾಗಿ ತಡೆದ.

"ಹಿಟ್ಟಿಗೆ ಏನೇನು ಹಾಕ್ತೀಯಪ್ಪ?"

"ಉಪ್ಪು, ಎಣ್ಣೆ. ಮೆತ್ತಗಿರ್ಲಿ ಅಂತ ಒಂದ್ ಚೂರು ಸಕ್ಕರೆ. ಎಲ್ಲಾರೂ ಹಾಕೋದೇ ಸಾರ್."

"ದಮ್ಮಯ್ಯ ಅಂತೀನಿ, ಸಕ್ಕರೆ ಇಲ್ದೆ ಬೇರೆ ಕಲಸಿಕೊಡು. ಕಾಯಿಲೆಯವರಿಗೆ."

ಮುರುಗೇಶ ಅವನ ಮುಖ ನೋಡಿದ. ಬೋಗುಣಿಯನ್ನು ತೊಳೆದು ಹೊಸದಾಗಿ ಹಿಟ್ಟು ಕಲಸಿದ. ಸ್ವಲ್ಪ ನೆನೆಯದಿದ್ದರೆ ಕಾಯಿಲೆಯವರಿಗೆ ಅಗಿಯಲು ಗಟ್ಟಿಯಾಗುತ್ತದೆ ಎಂದು ಒದ್ದೆ ಬಟ್ಟೆ ಮುಚ್ಚಿಟ್ಟ. ಆಂಜಿನಯ್ಯನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಆದರೂ ಕಾದ. ಅವಸರಕ್ಕೆ ಬಿದ್ದು ಅಣ್ಣನ ಜೀವಕ್ಕೆ ಕುತ್ತು ತರುವವನಲ್ಲ ಅವನು. ಲಟ್ಟಿಸುವಾಗಲೂ ಹಳೆಯ ಹಿಟ್ಟು ತಾಗದಿರಲೆಂದು ಮಣೆಯನ್ನು ತಾನೇ ಒರೆಸಿಕೊಟ್ಟ. ಪೊಟ್ಟಣ ಕೈಗೆ ಬಂದಾಗ ಆರಬಾರದೆಂದು ಅಂಗಿಯೊಳಗೆ ಇಟ್ಟುಕೊಂಡ. ಎದೆ ಸುಡುತ್ತಿದ್ದರೂ ದಾರಿಯುದ್ದಕ್ಕೂ ಅವನಿಗೆ ಸಮಾಧಾನವಾಗುತ್ತಿತ್ತು. ಇಷ್ಟು ಒಳ್ಳೆಯ ಚಪಾತಿ ಈ ಹೊತ್ತಿನಲ್ಲಿ ಇನ್ಯಾರಿಗೆ ಸಿಕ್ಕೀತು ಎಂದುಕೊಂಡ.

ಅವನು ಬಂದಾಗ ವಠಾರದ ಎಲ್ಲ ಮನೆಗಳಲ್ಲೂ ದೀಪ ಹತ್ತಿತ್ತು. ಬಾಗಿಲಲ್ಲಿ ನಿಂತವರು ದಾರಿ ಬಿಟ್ಟರು. ನರಸಿಂಹಯ್ಯ ಚಾಪೆಯ ಮೇಲೆ ಅಂಗಾತ ಮಲಗಿದ್ದ. ತಲೆಗೂದಲು, ಬನಿಯನ್ ಎಲ್ಲವೂ ಬೆವರಿನಲ್ಲಿ ತೊಯ್ದು ಮೈಗೆ ಅಂಟಿದ್ದವು. ಪಕ್ಕದ ಬೀದಿಯಿಂದ ಯಾರೋ ಕರೆತಂದಿದ್ದ ಡಾಕ್ಟರು ಮಂಡಿಯೂರಿದ್ದವರು ಎದ್ದು, ಸ್ಟೆತಾಸ್ಕೋಪನ್ನು ಮಡಚಿ ಚೀಲಕ್ಕೆ ಹಾಕಿದರು. ಆಂಜಿನಯ್ಯ ಅಂಗಿಯೊಳಗಿಂದ ಪೊಟ್ಟಣ ತೆಗೆದ.

"ಸಾರ್, ಚಪಾತಿ ತಂದಿದೀನಿ," ಎಂದ.

ಡಾಕ್ಟರು ಹನುಮಕ್ಕನ ಕಡೆ ತಿರುಗಿದರು. "ಸೂಜಿ ಹಾಕ್ಕೊಂಡು ಏನೂ ತಿನ್ನದೆ ಮೈಯಲ್ಲಿರೋ ಸಕ್ಕರೆ ಪೂರ್ತಿ ಇಳಿದು ಜೀವ ಹೋಗಿದೆ. ಇದಕ್ಕೆ ಚಪಾತಿನೇ ಬೇಕು ಅಂತಿಲ್ಲಮ್ಮ. ಎರಡು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದ್ರೆ ಎದ್ದು ಕೂತ್ಕೊಳ್ತಿದ್ರು. ಮನೇಲಿ ಸಕ್ಕರೆ ಇರ್ಲಿಲ್ವಾ?"

ಹನುಮಕ್ಕನ ಕೈ ಕೊರಳಿಗೆ ಹೋಗಿ, ತಾಳಿಯ ಜೊತೆ ಪಿನ್ನಿಗೆ ಸಿಕ್ಕಿಸಿದ್ದ ಸಣ್ಣ ಬೀಗದ ಕೈಯನ್ನು ಹಿಡಿದುಕೊಂಡಿತು.

"ಇತ್ತು ಸಾರ್. ಕದ್ದು ತಿಂತಾರೆ ಅಂತ ಪೆಟ್ಟಿಗೇಲಿಟ್ಟು ಬೀಗ ಹಾಕಿದ್ದೆ," ಎಂದಳು. "ಕಡೇಲಿ ಅದನ್ನೇ ಕೇಳಿದ್ರು. ಒಂದೇ ಒಂದು ಚಮಚ ಕೊಡೇ ಅಂತ ಕೈ ಮುಗಿದ್ರು. ನಾನು ಗದರಿಸಿ ಮಲಗಿಸ್ದೆ."