ಅರ್ಧ ಬೆನ್ನು

ದೂರದಿಂದ ಬಂದ ಗಿರಾಕಿ ಹೆಂಗಸೊಬ್ಬಳು ಮೇಜಿನ ಮೇಲೆ ಹರಡಿದ ನೀಲಿ ಅಂಗಿಯ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಬಟ್ಟೆ ಕತ್ತರಿಸಲು ಬೇಕಾದ ಕಾಗದದ ಪ್ಯಾಟರ್ನ್ ಬರೆದು ಮನೆಯಿಂದಲೇ ಮಾರುವ ವಿನ್ಯಾಸಗಾರ್ತಿ, ತನ್ನದೇ ಪ್ಯಾಟರ್ನಿನ ಆ ಅಂಗಿಯನ್ನು ಬಗ್ಗಿ ನೋಡಿದಳು. ತಾನೇ ಗೆರೆ ತಪ್ಪಿದೆನೇ? ಮೂಲ ಪ್ಯಾಟರ್ನನ್ನು ತೆಗೆದು ಮೂರು ಸಲ ಅಳೆದಳು. ಅದು ಸರಿಯಾಗಿಯೇ ಇತ್ತು.

“ಕತ್ತರಿಸುವಾಗ ಬಟ್ಟೆ ಜಾರಿತೇನೋ, ಅಕ್ಕಾ?”

“ಇಲ್ಲಮ್ಮ, ಬೇಕಂತಲೇ ಹಾಗೆ ಹೊಲಿದೆ.”

“ಮತ್ತೆ ನನ್ನ ಪ್ಯಾಟರ್ನಲ್ಲಿ ಏನು ತಪ್ಪು?”

“ಏನೂ ತಪ್ಪಿಲ್ಲ.”

ವಿನ್ಯಾಸಗಾರ್ತಿಗೆ ತಲೆಬುಡ ತಿಳಿಯಲಿಲ್ಲ. ದೂರಲ್ಲದಿದ್ದರೆ ಈಕೆ ಎರಡು ಬಸ್ಸು ಬದಲಿಸಿ ಬಂದದ್ದೇಕೆ? “ಜೇಬು ಬೇಕಿತ್ತಾ? ಇನ್ನೂ ದೊಡ್ಡ ಅಳತೆದು ಬೇಕಿತ್ತಾ?” ಎಂದು ಕೇಳಿದಳು. ಎಲ್ಲದಕ್ಕೂ ಹೆಂಗಸು ತಲೆಯನ್ನು ಅಡ್ಡಡ್ಡ ಆಡಿಸಿದಳು.

“ನನ್ನ ಮಗಳ ಬೆನ್ನುಮೂಳೆ ಒಂದು ಕಡೆ ವಾಲಿದೆ,” ಎಂದಳು ಕೊನೆಗೆ. “ನೀವು ಅರ್ಧ ಬೆನ್ನು ಮಾತ್ರ ಬರೆದು, ಬಟ್ಟೆ ಮಡಚಿ ಕತ್ತರಿಸಿ ಅಂತೀರಿ, ಆಗ ಎರಡೂ ಕಡೆ ಒಂದೇ ಥರ ಬರುತ್ತೆ. ಅವಳ ಇನ್ನರ್ಧ ಬೇರೆ ಥರ ಇದೆ. ಊಹೆ ಮಾಡಿ ಹೊಲಿದು ನಾಲ್ಕು ಬಟ್ಟೆ ಹಾಳು ಮಾಡಿದೆ. ಐದನೇದು ಇದು. ಇದನ್ನ ಹಾಕ್ಕೊಂಡು ಮೊನ್ನೆ ಮೊದಲ ಸಲ ಶಾಲು ಹೊದೀದೆ ಹೊರಗೆ ಹೋದ್ಲು. ಅವಳಂಥವರು ಇನ್ನೂ ಇರ್ತಾರಲ್ಲ? ಎರಡೂ ಕಡೆ ಬೇರೆ ಬೇರೆ ಬರೆದುಕೊಡ್ತೀರಾ?”

ಹನ್ನೆರಡು ವರ್ಷಗಳಲ್ಲಿ ವಿನ್ಯಾಸಗಾರ್ತಿ ಒಂದು ಸಲವೂ ಪೂರ್ತಿ ಬೆನ್ನನ್ನು ಬರೆದಿರಲಿಲ್ಲ. ಹೊಸ ಹಾಳೆ ಹಾಸಿ ಎಂದಿನಂತೆ ಎಡ ಅರ್ಧವನ್ನು ಸರಸರನೆ ಬರೆದಳು. ನಡುಗೆರೆ ದಾಟಿದ ಮೇಲೆ ಕೈ ನಿಂತಿತು. ಗೆರೆ ಯಾವ ಕಡೆ ಹೋಗಬೇಕೆಂದೇ ತೋಚಲಿಲ್ಲ. ಪೆನ್ಸಿಲನ್ನು ಆ ಹೆಂಗಸಿನ ಕೈಗಿಟ್ಟಳು.

“ಈ ಕಡೆ ನೀವೇ ಬರೆದು ತೋರಿಸಿ, ಅಕ್ಕಾ. ನಂಗೆ ಬರೋದಿಲ್ಲ.”