ಪಿನ್ನು ಕಿತ್ತ ಮೇಲೆ

1932ರ ಫೆಬ್ರವರಿ 6, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಇದ್ರಿಯಾ ಊರಿನ ಗಣಿಕೇರಿಯ ಮನೆಯಲ್ಲಿ ಫ್ರಾಂತ್ಸ್ಕಾ, ನಕ್ಷೆ ಹಾಸಿ ಪಿನ್ನು ಚುಚ್ಚಿ ಲೇಸು ಹೆಣೆಯುವ ತನ್ನ ದಿಂಬಿನಿಂದ ಕೊನೆಯ ಪಿನ್ನನ್ನು ಕಿತ್ತಳು. ತಂಗಿ ಮಿನಾಳ ಮದುವೆಯ ಮುಸುಕಿಗೆ ಅಕ್ಕತಂಗಿಯರು ಒಂದೇ ನಕ್ಷೆಯ ಮೇಲೆ ಅರ್ಧರ್ಧ ಅಂಚು ಹೆಣೆದಿದ್ದರು. ವರ ಲೋವ್ರೊ, ಹೋದ ವರ್ಷದವರೆಗೂ ಫ್ರಾಂತ್ಸ್ಕಾಳನ್ನು ಮದುವೆಯಾಗಬೇಕಿದ್ದವನು.

“ನಂಗೇನೂ ಬೇಜಾರಿಲ್ಲ ಕಣೇ, ಎಷ್ಟು ಸಲ ಹೇಳ್ಲಿ?” ಎಂದಳು ಫ್ರಾಂತ್ಸ್ಕಾ, ಪಕ್ಕದಲ್ಲಿದ್ದ ತಂಗಿಗೆ.

ಅಮ್ಮ ಎರಡು ಅಂಚುಗಳನ್ನೂ ಪಕ್ಕಪಕ್ಕ ಹಾಸಿದಳು. ಪಿನ್ನುಗಳಿರುವ ತನಕ ಲೇಸು ನಕ್ಷೆಯಷ್ಟೇ ಉದ್ದವಿರುತ್ತದೆ. ದಾರ ಎಳೆದ ಕೈಯ ಬಿಗಿ ತೋರುವುದು ಅವು ಹೋದ ಮೇಲೆ. ಅಕ್ಕನ ಅಂಚು ಮೆಲ್ಲಗೆ ಮುದುಡಿಕೊಂಡಿತು.

“ಅಯ್ಯೋ ಮಾರಾಯ್ತಿ, ದಾರಾನ ಯಾರ ಕತ್ತು ಅಂದ್ಕೊಂಡು ಎಳ್ದೆ?” ಎಂದು ನಕ್ಕ ಅಮ್ಮ, ಮಗಳ ಮುಖ ನೋಡಿ ಆ ಅಂಚನ್ನು ಅಂಗೈಯಿಂದ ನೀವತೊಡಗಿದಳು.

ಮಿನಾ ಎರಡಕ್ಕೂ ಅಳತೆಪಟ್ಟಿ ಹಿಡಿದಳು. ಅಕ್ಕನ ಅಂಚು ನಾಲ್ಕೂವರೆ ಸೆಂಟಿಮೀಟರ್ ಗಿಡ್ಡವಾಗಿತ್ತು.